ಕ್ಯಾನ್ಸರ್ ಮರಳಿ ಬಂದಾಗ ಜೀನ್ ಟೆಸ್ಟ್ ಮತ್ತೆ ಯಾಕೆ ಮಾಡಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಅಕ್ಕನಿಗೂ ಅವರ ಗೆಳತಿಗೂ ಒಂದೇ ಸ್ಟೇಜ್‌ನ, ಹಾರ್ಮೋನ್ ಪಾಸಿಟಿವ್ (ಅಂದರೆ ಹಾರ್ಮೋನ್ ನೆರವಿನಿಂದ ಬೆಳೆಯುವ) ಸ್ತನ ಕ್ಯಾನ್ಸರ್ ಇತ್ತು. ಇಬ್ಬರೂ ಅದೇ ಅರೊಮಾಟೇಸ್ ತಡೆಯುವ ಮಾತ್ರೆ ತೆಗೆದುಕೊಂಡರು. ಗೆಳತಿ ಆರಾಮಾಗಿದ್ದಾರೆ. ಅಕ್ಕನಿಗೆ ಮಾತ್ರ ಈಗ ಮೂಳೆಯಲ್ಲಿ ಕಾಣಿಸಿಕೊಂಡಿದೆ. ಹಳೇ ರಿಪೋರ್ಟ್ ಇರುವಾಗ ಮತ್ತೆ ಜೀನ್ ಟೆಸ್ಟ್ ಯಾಕೆ, ಅಲ್ವಾ?

ನಾನು ಡಾಕ್ಟರ್ ಅಲ್ಲ. ಗಡ್ಡೆಗಳ ಡಿಎನ್‌ಎ ಡೇಟಾ ನೋಡುವುದು ನನ್ನ ಕೆಲಸ. ನನ್ನನ್ನು ಕೇಳಿದರೆ, ಮಾಡಿಸಿ.

ಸ್ಟೇಜ್ ಅಂದರೆ ಗಡ್ಡೆ ಎಷ್ಟು ದೊಡ್ಡದು, ಎಲ್ಲಿವರೆಗೆ ಹೋಗಿದೆ ಅನ್ನುವ ಲೆಕ್ಕ. ಒಳಗೆ ಯಾವ ಜೀನ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. 2012ರಲ್ಲಿ ಮೆಟಾಬ್ರಿಕ್ ಅನ್ನುವ ಅಧ್ಯಯನ ಸುಮಾರು 2000 ಸ್ತನ ಕ್ಯಾನ್ಸರ್ ಗಡ್ಡೆಗಳ ಜೀನ್‌ಗಳನ್ನು ನೋಡಿ 10 ಗುಂಪು ಮಾಡಿತು. ಹಾರ್ಮೋನ್ ಪಾಸಿಟಿವ್‌ನಲ್ಲೇ ಕೆಲವು ಗುಂಪುಗಳು ಹತ್ತು ವರ್ಷ ಸುಮ್ನಿದ್ದು ಆಮೇಲೂ ಮರಳಬಲ್ಲವು. ಆದ್ದರಿಂದ ಇಬ್ಬರದ್ದೂ ಒಂದೇ ಕಾಯಿಲೆ ಆಗಿರಲಿಲ್ಲ ಅನ್ನುವ ಸಾಧ್ಯತೆಯೇ ಜಾಸ್ತಿ. ಶುರುವಿನಲ್ಲಿ ಮಾಡುವ 21 ಜೀನ್‌ಗಳ ಆಂಕೋಟೈಪ್ ಟೆಸ್ಟ್ ಕೂಡ ಮರಳುವ ಸಂಭವ ಎಷ್ಟು, ಕೀಮೋದಿಂದ ಲಾಭ ಇದೆಯೇ ಅಂತಷ್ಟೇ ಹೇಳುತ್ತದೆ. ಅದು ಭವಿಷ್ಯವಾಣಿ ಅಲ್ಲ.

ಈಗ ಅಸಲಿ ವಿಷಯ. ಆ ಅರೊಮಾಟೇಸ್ ಮಾತ್ರೆಗಳು ದೇಹದಲ್ಲಿ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತವೆ. ಗಡ್ಡೆಯ ಬಹುಪಾಲು ಕೋಶಗಳು ಅದಿಲ್ಲದೆ ಸೊರಗುತ್ತವೆ. ಆದರೆ ಯಾವುದೋ ಒಂದು ಕೋಶದಲ್ಲಿ ಇಎಸ್‌ಆರ್1 ಜೀನ್ ಬದಲಾದರೆ, ಅದರ ರಿಸೆಪ್ಟರ್ (ಈಸ್ಟ್ರೊಜೆನ್ ಬಂದು ಅಂಟುವ ಪ್ರೋಟೀನ್) ಈಸ್ಟ್ರೊಜೆನ್ ಇಲ್ಲದೆಯೂ ಚಾಲೂ ಇರುತ್ತದೆ. ಕಳೆನಾಶಕ ಹೊಡೆದ ಹೊಲದಲ್ಲಿ ಅದಕ್ಕೆ ಜಗ್ಗದ ಕಳೆ ಮಾತ್ರ ಹಬ್ಬಿದ ಹಾಗೆ, ಆ ಕೋಶದ ಸಂತತಿಯೇ ಬೆಳೆಯುತ್ತದೆ. ಈ ಬದಲಾವಣೆ ಮೊದಲ ಗಡ್ಡೆಯಲ್ಲಿ ಸಿಗುವುದು ತೀರಾ ಅಪರೂಪ. ಚಿಕಿತ್ಸೆಯ ನಂತರ ಸಾಕಷ್ಟು ಜನರಲ್ಲಿ ಸಿಗುತ್ತದೆ. ಹಳೇ ರಿಪೋರ್ಟ್‌ನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಸಿಕ್ಕರೆ ಎಲಸೆಸ್ಟ್ರಾಂಟ್ ಅನ್ನುವ ಮಾತ್ರೆ ಇದೆ. ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು.

ಪಿಐಕೆ3ಸಿಎ ಅನ್ನುವ ಇನ್ನೊಂದು ಜೀನ್‌ನ ಬದಲಾವಣೆ ಬೇರೆ ಥರ. ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ಸುಮಾರು 40% ಕಡೆ ಇರುತ್ತದೆ, ಸಾಮಾನ್ಯವಾಗಿ ಮೊದಲಿನಿಂದಲೇ. ಇದಕ್ಕೆ ಹಳೇ ಬ್ಲಾಕ್ (ಮೊದಲ ಗಡ್ಡೆಯ ತುಣುಕನ್ನು ಮೇಣದಲ್ಲಿ ಹಾಕಿಟ್ಟದ್ದು) ಕೂಡ ಸಾಕಾಗಬಹುದು, ಆಸ್ಪತ್ರೆಯಲ್ಲಿ ಇಟ್ಟಿದ್ದಾರಾ ಕೇಳಿ.

ಮೂಳೆಯ ಬಯಾಪ್ಸಿಯಲ್ಲಿ ಒಂದು ತಾಪತ್ರಯವಿದೆ. ಮೂಳೆ ಮೆತ್ತಗಾಗಲು ಆಸಿಡ್‌ನಲ್ಲಿ ನೆನೆಸಿದರೆ ಡಿಎನ್‌ಎ ಹಾಳಾಗುತ್ತದೆ. ಜೀನ್ ಟೆಸ್ಟ್‌ಗೂ ಬೇಕು ಅಂತ ಮೊದಲೇ ಹೇಳಿಡಿ. ರಕ್ತದಿಂದಲೂ ಮಾಡಬಹುದು, ಇಎಸ್‌ಆರ್1ಗೆ ಅದೇ ಅನುಕೂಲ. ಆದರೆ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಕಡಿಮೆ ಇದ್ದರೆ ಸುಳ್ಳು ನೆಗೆಟಿವ್ ಬರಬಹುದು, ಅಂದರೆ ಬದಲಾವಣೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಗಡ್ಡೆಯ ಕೋಶಗಳಲ್ಲಿ ಈಸ್ಟ್ರೊಜೆನ್ ರಿಸೆಪ್ಟರ್, ಹರ್2 ಅನ್ನುವ ಪ್ರೋಟೀನ್ ಇದೆಯೇ ಇಲ್ಲವೇ ಅನ್ನುವುದೂ ಕೆಲವೊಮ್ಮೆ ಬದಲಾಗಿರುತ್ತದೆ. ಅದಕ್ಕೆ ಬಯಾಪ್ಸಿಯೇ ಬೇಕು.

ಸಾಮಾನ್ಯವಾಗಿ ಮತ್ತೆ ಮಾಡಿಸಬೇಕಾಗಿಲ್ಲದ್ದು ಬಿಆರ್‌ಸಿಎ ಟೆಸ್ಟ್, ಅಂದರೆ ಹುಟ್ಟಿನಿಂದಲೇ ಬರುವ ಬಿಆರ್‌ಸಿಎ ಜೀನ್‌ಗಳ ಬದಲಾವಣೆ ನೋಡುವ ಟೆಸ್ಟ್. ಅಕ್ಕನಿಗೆ ಅದನ್ನು ಮಾಡಿಸಿಯೇ ಇಲ್ಲದಿದ್ದರೆ ಈಗಲೇ ಕೇಳಿ. ಪಾಸಿಟಿವ್ ಬಂದರೆ ಅವರಿಗೆ ಒಲಾಪರಿಬ್‌ನಂಥ ಔಷಧಿಯ ದಾರಿ ತೆರೆಯಬಹುದು. ಒಡಹುಟ್ಟಿದವರಾದ ನಿಮಗೂ ಅದೇ ಬದಲಾವಣೆ ಇರುವ ಸಾಧ್ಯತೆ 50% ಇರುತ್ತದೆ, ನೀವೂ ಟೆಸ್ಟ್ ಮಾಡಿಸಿಕೊಳ್ಳಬೇಕಾಗುತ್ತದೆ.