ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಮಡಿಕೇರಿಯ ಅನ್ನ, ಮೆಣಸಿನ ಏಣಿ, ಕಾಫಿ ಕಣ

ಈ ಸಂಚಿಕೆಗೆ ಕೊಡಗಿನಿಂದ ಬಂದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮದುವೆಯಾಗಿ ಮಂಗಳೂರಿನಿಂದ ಮಡಿಕೇರಿಗೆ ಬಂದವಳು ನಾನು. ತವರಿನಿಂದ ತಂದ ಅದೇ ಕುಚ್ಚಲಕ್ಕಿ ಇಲ್ಲಿ ತೆರೆದ ಪಾತ್ರೆಯಲ್ಲಿ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ನೀರಿನ ದೋಷ ಎಂದು ಅತ್ತೆಯವರೂ, ಉರಿ ಸಾಲದು ಎಂದು ನಮ್ಮವರೂ ಹೇಳುತ್ತಾರೆ. ಯಾರು ಸರಿ?

ಉತ್ತರ: ಇಬ್ಬರದೂ ಸರಿಯಲ್ಲ, ಕಾರಣ ಇರುವುದು ನಿಮ್ಮೂರಿನ ಎತ್ತರದಲ್ಲಿ. ಪಾತ್ರೆಯ ನೀರಿನ ಮೇಲೆ ಗಾಳಿಯ ಒತ್ತಡ ಸದಾ ಇರುತ್ತದೆ. ನೀರಿನೊಳಗೆ ಹುಟ್ಟುವ ಆವಿಯ ಗುಳ್ಳೆಗಳು ಆ ಒತ್ತಡವನ್ನು ಎದುರಿಸಿ ಉಳಿಯುವಷ್ಟು ಬಲ ಪಡೆದಾಗ ಮಾತ್ರ ನೀರು ಕುದಿಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಮಂಗಳೂರಿನ ಒತ್ತಡಕ್ಕಿಂತ ನೂರಕ್ಕೆ ಹನ್ನೆರಡು, ಹದಿಮೂರರಷ್ಟು ಕಡಿಮೆ. ಹೀಗಾಗಿ ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆಂದು ಇಟ್ಟುಕೊಳ್ಳಬಹುದು. ಕೊಡಗಿನ ಅತ್ಯಂತ ಎತ್ತರದ ಶಿಖರವಾದ, 1,748 ಮೀಟರ್ ಎತ್ತರದ ತಡಿಯಂಡಮೋಳಿನ ತುದಿಯಲ್ಲಿ ಒಲೆ ಹೂಡಿದರೆ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನಾಲ್ಕು ಡಿಗ್ರಿ ಅಲ್ಪವೆನಿಸಬಹುದು, ಆದರೆ ಅಕ್ಕಿಯ ಪಿಷ್ಟ ನೀರು ಹೀರಿ ಮೆದುವಾಗುವ ವೇಗ ಉಷ್ಣತೆಯನ್ನೇ ಅವಲಂಬಿಸಿರುವುದರಿಂದ, ದಪ್ಪ ಕಾಳಿನ ಕುಚ್ಚಲಕ್ಕಿಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಉರಿಯ ಮಾತು. ಒಮ್ಮೆ ಕುದಿ ಬಂದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು 96 ಡಿಗ್ರಿಯನ್ನು ದಾಟುವುದಿಲ್ಲ. ಹೆಚ್ಚಿಗೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಈ ವ್ಯಯ ಸಣ್ಣದಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 300 ಕಿಲೋಜೂಲ್ ಶಾಖ ಸಾಕು, ಆದರೆ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಅದರ ಏಳು ಪಟ್ಟಿಗೂ ಹೆಚ್ಚು ಬೇಕು. ಆದ್ದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಅನ್ನ ಬೇಯುವ ಹೊತ್ತು ಬದಲಾಗುವುದಿಲ್ಲ, ಗ್ಯಾಸ್ ಮಾತ್ರ ಉಳಿಯುತ್ತದೆ. ಪಂದಿಕರಿಗೂ ಇದೇ ಮಾತು ಅನ್ವಯಿಸುತ್ತದೆ: ಉರಿ ಜೋರು ಮಾಡಿದರೆ ಮಸಾಲೆ ಬತ್ತಿ ತಳ ಹಿಡಿಯುತ್ತದೆಯೇ ಹೊರತು ಮಾಂಸ ಬೇಗ ಮೆತ್ತಗಾಗುವುದಿಲ್ಲ. ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆಂದು ಶಾಲೆಯಲ್ಲಿ ಓದಿದವರು ಅದನ್ನೂ ಪರೀಕ್ಷಿಸಬಹುದು. ಲೀಟರಿಗೆ ಹತ್ತು ಗ್ರಾಂ ಉಪ್ಪು ಹಾಕಿದರೆ ಏರುವುದು ಒಂದು ಡಿಗ್ರಿಯ ಐದನೇ ಒಂದು ಭಾಗಕ್ಕೂ ಕಡಿಮೆ.

ಪ್ರೆಶರ್ ಕುಕ್ಕರ್ ಈ ತೊಡಕನ್ನು ಬಹುಮಟ್ಟಿಗೆ ಪರಿಹರಿಸುತ್ತದೆ, ಪೂರ್ತಿಯಾಗಿ ಅಲ್ಲ. ಕುಕ್ಕರಿನ ವೆಯ್ಟ್ ಏಳಬೇಕಾದರೆ ಒಳಗಿನ ಆವಿ ಆ ವೆಯ್ಟಿನ ಭಾರವನ್ನಷ್ಟೇ ಅಲ್ಲದೆ ಹೊರಗಿನ ಗಾಳಿಯ ಒತ್ತಡವನ್ನೂ ಮೀರಬೇಕು. ವೆಯ್ಟ್ ಎಲ್ಲ ಊರಿನಲ್ಲೂ ಒಂದೇ ಆದರೂ ಗಾಳಿಯ ಒತ್ತಡ ಒಂದೇ ಅಲ್ಲ. ಹಾಗಾಗಿ ಮಂಗಳೂರಿನಲ್ಲಿ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಇದ್ದರೆ ಮಡಿಕೇರಿಯಲ್ಲಿ 118 ಡಿಗ್ರಿ ಇರುತ್ತದೆ. ತವರಿನ ಲೆಕ್ಕಕ್ಕಿಂತ ಒಂದು ಸೀಟಿ ಹೆಚ್ಚು ಕೂಗಿಸಿದರೆ ಸಾಕಾಗಬಹುದು. ನೀರು ತೀರಾ ಗಡಸಾಗಿದ್ದರೆ ಬೇಳೆಕಾಳು ಬೇಯುವುದು ತಡವಾಗುವುದುಂಟು, ಅಷ್ಟರ ಮಟ್ಟಿಗೆ ಅತ್ತೆಯವರ ಮಾತಿನಲ್ಲೂ ಹುರುಳಿದೆ. ಆದರೆ ನಿಮ್ಮ ಅನ್ನದ ವಿಷಯದಲ್ಲಿ ಮುಖ್ಯ ಕಾರಣ ಅದಲ್ಲ.

ಪ್ರಶ್ನೆ: ವಿದ್ಯುತ್ ತಂತಿಯ ಮೇಲೆ ಹಕ್ಕಿಗಳು ಆರಾಮವಾಗಿ ಕುಳಿತಿರುತ್ತವೆ. ಆದರೆ ಕಾಳುಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಅದೇ ತಂತಿಗೆ ತಾಗಿದರೆ ಜೀವವೇ ಹೋಗುತ್ತದೆ. ಹೀಗೇಕೆ? ರಬ್ಬರ್ ಚಪ್ಪಲಿ ಹಾಕಿದ್ದರೆ ಅಪಾಯವಿಲ್ಲವೇ? (ಸಿದ್ದಾಪುರದ ಬೆಳೆಗಾರರೊಬ್ಬರು)

ಉತ್ತರ: ವಿದ್ಯುತ್ ಹರಿಯುವುದು ಎರಡು ಬಿಂದುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಇದ್ದಾಗ. ಹಕ್ಕಿಯ ಎರಡು ಕಾಲುಗಳೂ ಒಂದೇ ತಂತಿಯ ಮೇಲೆ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಇರುವುದರಿಂದ ಅವುಗಳ ನಡುವೆ ಹೆಸರಿಗೆ ಮಾತ್ರ ಎನ್ನುವಷ್ಟು ವ್ಯತ್ಯಾಸವಿರುತ್ತದೆ. ಏಣಿ ಹಿಡಿದವನ ಕಾಲು ನೆಲದ ಮೇಲಿರುತ್ತದೆ, ಏಣಿಯ ತುದಿ ತಂತಿಗೆ ತಾಗಿರುತ್ತದೆ. ತೋಟದ ನಡುವೆ ಹಾದುಹೋಗುವ ಸಾಲು 11,000 ವೋಲ್ಟಿನದಾಗಿದ್ದರೆ ಆ ವೋಲ್ಟೇಜು ಅವನ ದೇಹದ ಮೂಲಕವೇ ನೆಲಕ್ಕೆ ದಾರಿ ಮಾಡಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ಕಂಬದ ತಂತಿಗಳನ್ನೂ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನಿಂದಲೇ ಮಾಡಿರುತ್ತಾರೆ. ಹಗುರವಾಗಿದ್ದೂ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆಂಬ ಕಾರಣಕ್ಕೆ ಆರಿಸಿದ ಲೋಹವನ್ನು, ಹಗುರವೆಂಬ ಒಂದೇ ಕಾರಣಕ್ಕೆ ನಾವು ಏಣಿಗೂ ಆರಿಸಿಕೊಂಡಿದ್ದೇವೆ.

ಚಪ್ಪಲಿಯನ್ನು ನಂಬಬೇಡಿ. ತೆಳುವಾದ, ಸವೆದ, ಮಣ್ಣುನೀರು ಮೆತ್ತಿಕೊಂಡ ರಬ್ಬರು ಅಷ್ಟು ವೋಲ್ಟೇಜನ್ನು ತಡೆಯಲಾರದು. ಎತ್ತಿ ನಿಲ್ಲಿಸಿದ ಏಣಿಯನ್ನು ಹಾಗೆಯೇ ಮರದಿಂದ ಮರಕ್ಕೆ ಸಾಗಿಸುವಾಗ ಎಲ್ಲರ ಗಮನ ನೆಲದ ಮೇಲಿರುತ್ತದೆ, ಏಣಿಯ ತುದಿಯ ಮೇಲೆ ಇರುವುದಿಲ್ಲ. ಆದ್ದರಿಂದ ಸಾಲಿನ ಹತ್ತಿರ ಏಣಿಯನ್ನು ಮಲಗಿಸಿಕೊಂಡೇ ಒಯ್ಯಬೇಕು. ಒದ್ದೆಯಾದ ಬಿದಿರಿನ ಏಣಿಯೂ ಸುರಕ್ಷಿತವಲ್ಲ. ತಂತಿಯ ಕೆಳಗಿನ ಬಳ್ಳಿಗಳ ಕೊಯ್ಲಿಗೆ ವಿದ್ಯುತ್ ಇಲಾಖೆಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸುವುದೇ ಸರಿಯಾದ ದಾರಿ. ಯಾರಾದರೂ ಸಿಕ್ಕಿಹಾಕಿಕೊಂಡರೆ, ಸಾಲಿನ ವಿದ್ಯುತ್ ಕಡಿತವಾದದ್ದು ಖಚಿತವಾಗುವ ತನಕ ಅವರನ್ನಾಗಲಿ ಏಣಿಯನ್ನಾಗಲಿ ಮುಟ್ಟಬಾರದು.

ಪ್ರಶ್ನೆ: ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತೇವೆ. ಮೋಡವಿರುವ ರಾತ್ರಿಗಿಂತ ಆಕಾಶ ಶುಭ್ರವಾಗಿರುವ ರಾತ್ರಿಯೇ ಇಬ್ಬನಿ ಹೆಚ್ಚು ಏಕೆ? (ಸೋಮವಾರಪೇಟೆಯ ಓದುಗರು)

ಉತ್ತರ: ಹಗಲು ಕಾದ ಕಣ ರಾತ್ರಿಯಿಡೀ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶದತ್ತ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಆ ಶಾಖವನ್ನು ಹೀರಿಕೊಂಡು ಬಹುಪಾಲನ್ನು ಮತ್ತೆ ಕೆಳಕ್ಕೆ ಸೂಸುತ್ತದೆ. ಆಕಾಶ ಬಯಲಾಗಿದ್ದರೆ ಹೋದ ಶಾಖದಲ್ಲಿ ಹಿಂದಿರುಗುವುದು ಕಡಿಮೆ. ಹೀಗೆ ಡಿಸೆಂಬರ್, ಜನವರಿಯ ತಿಳಿ ರಾತ್ರಿಗಳಲ್ಲಿ ಕಣ, ಎಲೆ, ಜೀಪಿನ ಮೇಲ್ಭಾಗ ಇವೆಲ್ಲ ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತವೆ, ಅವಕ್ಕೆ ತಾಗಿದ ಗಾಳಿಯಲ್ಲಿರುವ ತೇವ ಹನಿಗಟ್ಟುತ್ತದೆ. ಟಾರ್ಪಾಲು ಹೊದಿಸಿದಾಗ ಆಕಾಶಕ್ಕೆ ತೆರೆದುಕೊಳ್ಳುವುದು ಕಾಫಿಯಲ್ಲ, ಟಾರ್ಪಾಲು. ಇಬ್ಬನಿ ಅದರ ಮೇಲೆ ಕೂರುತ್ತದೆ. ಗುಡ್ಡೆ ಮಾಡುವುದರಿಂದ ಶಾಖ ಕಳೆದುಕೊಳ್ಳುವ ಮೇಲ್ಮೈಯೂ ಕಿರಿದಾಗುತ್ತದೆ. ಆದರೆ ಇನ್ನೂ ಹಸಿಯಿರುವ ಕಾಫಿಯಿಂದ ಏಳುವ ತೇವ ಟಾರ್ಪಾಲಿನ ಒಳಮೈಯಲ್ಲೂ ಹನಿಗಟ್ಟುವುದರಿಂದ, ಬೆಳಿಗ್ಗೆ ಹೊದಿಕೆಯನ್ನು ಕಾಫಿಯ ಮೇಲೆಯೇ ಕೊಡವದೆ ಎತ್ತಿ ಆಚೆ ಒಯ್ದು ಒಣಗಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಅಡುಗೆಮನೆಯ ಗ್ಯಾಸ್ ಒಲೆಯ ಪಕ್ಕ ಬಟ್ಟೆ ಹರಡಿದರೂ ಸರಿಯಾಗಿ ಒಣಗುವುದಿಲ್ಲ. ಬಚ್ಚಲೊಲೆಯ ಬಳಿ ಒಣಗುತ್ತದೆ. ಏಕೆ? (ಭಾಗಮಂಡಲದ ಓದುಗರು)

ಉತ್ತರ: ಗ್ಯಾಸ್ ಉರಿಯುವಾಗ ನೀರಾವಿಯೂ ಹುಟ್ಟುತ್ತದೆ, ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಕೋಣೆಯನ್ನು ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಮೊದಲೇ ತೇವದಿಂದ ತುಂಬಿದ ಗಾಳಿ ಬಟ್ಟೆಯ ನೀರನ್ನು ಹೀರುವುದಾದರೂ ಹೇಗೆ? ಬಚ್ಚಲೊಲೆಯ ಕಟ್ಟಿಗೆಯಿಂದಲೂ ನೀರಾವಿ ಬರುತ್ತದೆ, ಆದರೆ ಅದು ಹೊಗೆಯೊಡನೆ ಹೊಗೆಗೂಡಿನ ಮೂಲಕ ಹೊರಟುಹೋಗಿ, ಒಲೆಯ ಕಾವು ಮಾತ್ರ ಒಳಗೆ ಉಳಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದರೆ, 30 ಡಿಗ್ರಿಯಲ್ಲಿ 30 ಗ್ರಾಂ ಹಿಡಿಯಬಲ್ಲದು. ಅಡುಗೆಮನೆಯಲ್ಲೇ ಒಣಗಿಸಬೇಕೆಂದಿದ್ದರೆ ಒಲೆ ಉರಿಯುವಾಗ ಕಿಟಕಿಯನ್ನು ಸ್ವಲ್ಪ ತೆರೆದಿಡಿ, ಬಟ್ಟೆಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ, ಉರಿಯಿಂದ ಅವು ಸಾಕಷ್ಟು ದೂರವಿರಲಿ.