ಅಮೆರಿಕದ ರೈತರಿಗೆ ಸಂದ ಕೋವಿಡ್ ನೆರವು

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒಬ್ಬ ರೈತನಿಗೆ ಲಕ್ಷ ಡಾಲರ್, ನೆರೆಯವನಿಗೆ ಅಲ್ಪ ಮೊತ್ತ ಕೋವಿಡ್ ಪರಿಹಾರವಾಗಿ ದೊರೆತದ್ದು ಹೇಗೆ?

ಉತ್ತರ: 2020ರ ಏಪ್ರಿಲ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ 1,900 ಕೋಟಿ ಡಾಲರ್‌ಗಳ ನೆರವನ್ನು ಪ್ರಕಟಿಸಿತು, ಅದರಲ್ಲಿ 1,600 ಕೋಟಿ ರೈತರಿಗೆ ನೇರ ಪಾವತಿಗೆಂದೇ ಮೀಸಲಾಗಿತ್ತು. ಅರ್ಜಿ ಪಡೆದದ್ದು ಕೌಂಟಿ ಮಟ್ಟದ ಕಚೇರಿಗಳಾದರೂ ದರ ನಿಗದಿಪಡಿಸಿದ್ದು ವಾಷಿಂಗ್ಟನ್. ಹೋಟೆಲು, ಶಾಲೆಗಳು ಮುಚ್ಚಿ, ಮಾಂಸ ಸಂಸ್ಕರಣಾ ಘಟಕಗಳು ಸ್ಥಗಿತಗೊಂಡು ಬೆಲೆ ಕುಸಿದಾಗ, ಒಬ್ಬೊಬ್ಬರ ನಿಜವಾದ ನಷ್ಟವನ್ನು ಅಳೆಯುವ ಗೋಜಿಗೆ ಹೋಗದೆ, ಸರಕಿನ ಪ್ರಮಾಣಕ್ಕೆ ದರ ಕಟ್ಟಲಾಯಿತು. 600 ಪೌಂಡಿಗಿಂತ ಕಡಿಮೆ ತೂಕದ ಎಳೆಯ ದನವನ್ನು ಜನವರಿ 15ರಿಂದ ಏಪ್ರಿಲ್ 15ರ ನಡುವೆ ಮಾರಿದ್ದರೆ ತಲೆಗೆ 102 ಡಾಲರ್. ಆ ಬಳಿಕವೂ ಕೊಟ್ಟಿಗೆಯಲ್ಲೇ ಉಳಿದಿದ್ದರೆ ಕೇವಲ 33. ಹೀಗಾಗಿ ಇಪ್ಪತ್ತು ದನ ಮಾರಿದವನಿಗೆ 2,040 ಡಾಲರ್, ಸಾವಿರ ಮಾರಿದವನಿಗೆ 1,02,000 ಡಾಲರ್. ಅಸಮಾನತೆಯ ಬೇರು ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಒಬ್ಬ ವ್ಯಕ್ತಿಗೆ 2,50,000 ಡಾಲರ್‌ಗಳ ಮಿತಿಯೇನೋ ಇತ್ತು. ಆದರೆ ಮೂವರು ಪಾಲುದಾರರು ತಲಾ 400 ಗಂಟೆ ದುಡಿದಿರುವ ಕಂಪನಿಗೆ ಅದು 7,50,000ದವರೆಗೂ ಏರುತ್ತಿತ್ತು. ಮೊದಲ ಸುತ್ತಿನಲ್ಲಿ ಕೈಬಿಟ್ಟಿದ್ದ ಕೆಲವು ಉತ್ಪನ್ನಗಳು ಸೆಪ್ಟೆಂಬರಿನಲ್ಲಿ ಪ್ರಕಟವಾದ ಎರಡನೆಯ ಸುತ್ತಿನಲ್ಲಿ ಸೇರಿದವು.