ಆ್ಯಪ್ ಆಮೇಲೆ, ಮೊದಲು ಅಮ್ಮ ತಿಂಡಿ ತಿನ್ನೋದು ಎಷ್ಟು ಗಂಟೆಗೆ?

ಪುಣೆಯಲ್ಲಿ ಒಬ್ಬರೇ ಇರುವ 72 ವರ್ಷದ ಅಮ್ಮನಿಗೆ ಮಾತ್ರೆ ನೆನಪಿಸೋಕೆ ಯಾವ ಆ್ಯಪ್ ಹಾಕಲಿ, ಬಿಪಿ ತೋರಿಸೋ ವಾಚ್ ಕೊಡಿಸಲಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಾ ರಾತ್ರಿಯೆಲ್ಲ ಕೂತಿದ್ದೆ.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ. ಅವ್ವ ಧಾರವಾಡದಿಂದ ಬಂದು ನನ್ನ ಜೊತೆಗಿದ್ದಾಳೆ. 7.20ರ ಲೋಕಲ್ ಹಿಡಿದು ನಾನು ಹೋದರೆ ಸಂಜೆವರೆಗೆ ಮನೆಯಲ್ಲಿ ಅವಳೊಬ್ಬಳೇ. ಎರಡು ಸಲ ಶುಗರ್ ಮಾತ್ರೆ ಮರೆತಳು ಅಂತ ಗಾಬರಿಯಾಗಿ ಒಂದು ಆ್ಯಪ್ ಹಾಕಿದೆ. ಅಲಾರಾಂ ಹೊಡೆದಾಗ ಅವಳು ‘ತಗೊಂಡೆ’ ಒತ್ತಿದರೆ ನನ್ನ ಫೋನಿಗೆ ಹಸಿರು ಗುರುತು ಬರುತ್ತೆ. ಘಾಟ್‌ಕೋಪರ್ ಹತ್ತಿರ ಆ ಗುರುತು ಕಂಡರೆ, ಅಷ್ಟು ನೂಕುನುಗ್ಗಲಲ್ಲೂ ನಾನೇ ಶ್ರವಣಕುಮಾರ!

ತಪ್ಪಾಗಿದ್ದು ಇಲ್ಲಿ. ಡಾಕ್ಟರ ಚೀಟಿಯಲ್ಲಿದ್ದದ್ದು ‘ತಿಂಡಿಗೆ ಮುಂಚೆ’ ಅಂತ. ಆ್ಯಪ್ ಕೇಳಿದ್ದು ‘ಎಷ್ಟು ಗಂಟೆಗೆ?’ ಅಂತ. ನಾನು 8 ಅಂತ ಹಾಕಿದೆ. ಯಾಕೆ 8? ರಜೆ ದಿನ ನಾನು ತಿಂಡಿ ತಿನ್ನೋದು 8ಕ್ಕೆ. ಅಷ್ಟೇ ಕಾರಣ. ಅವ್ವ ಪೂಜೆ ಮುಗಿಸಿ ತಟ್ಟೆ ಮುಂದೆ ಕೂರೋದು ಒಂಬತ್ತೂವರೆಗೆ, ಅವಳನ್ನು ಕೇಳಲೇ ಇಲ್ಲ. ಅವಳ ಮಾತ್ರೆ ಗ್ಲಿಮೆಪಿರೈಡ್. ಹೊಟ್ಟೆಗೆ ಏನಾದರೂ ಬಿತ್ತೋ ಇಲ್ಲವೋ ನೋಡದೆ ಮೈಯಲ್ಲಿ ಇನ್ಸುಲಿನ್ ಸುರಿಸಿ ಶುಗರ್ ಇಳಿಸೋ ಜಾತಿ. ದಿನಾ ಒಂಬತ್ತರ ಹೊತ್ತಿಗೆ ಕೈ ನಡುಗುತ್ತಿತ್ತಂತೆ. ವಯಸ್ಸಾಯ್ತು ಅಂತ ಸುಮ್ನೆ ಇದ್ದಳು.

ಆಮೇಲೆ ಸಂಕಷ್ಟಿ ಬಂತು. ರಾತ್ರಿ ಚಂದ್ರನನ್ನು ನೋಡೋವರೆಗೆ ಉಪವಾಸ. ಮೊದಲೆಲ್ಲ ಸ್ಟ್ರಿಪ್ಪನ್ನು ತಿಂಡಿ ತಟ್ಟೆ ಪಕ್ಕವೇ ಇಡುತ್ತಿದ್ದಳು. ತಟ್ಟೆ ಇಲ್ಲದ ದಿನ ಮಾತ್ರೆಯೂ ಇಲ್ಲ. ಆ ವ್ಯವಸ್ಥೆಯನ್ನು ಆ್ಯಪ್ ತಂದು ನಾನೇ ಕೆಡಿಸಿದ್ದೆ. 8ಕ್ಕೆ ನನಗೆ ಹಸಿರು ಗುರುತು ಬಂತು. ಹತ್ತೂವರೆಗೆ ಪಕ್ಕದ ಮನೆ ಕಾಕು ಫೋನು. ಅವ್ವ ಬೆವತು ಒದ್ದೆಯಾಗಿ, ಏನೇನೋ ಮಾತಾಡ್ತಾ ಇದ್ದಳಂತೆ. ಮೀಟರ್‌ನಲ್ಲಿ ಶುಗರ್ 54. 70ಕ್ಕಿಂತ ಕೆಳಗೆ ಬಂದರೇ ಅಪಾಯ. ಕಾಕು ಮೂರು ಚಮಚ ಸಕ್ಕರೆ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಏರಿತ್ತು.

ಸಂಜೆ ಅವ್ವನನ್ನೇ ಗದರಿದೆ, ಉಪವಾಸ ಅಂದಮೇಲೆ ಯಾಕೆ ನುಂಗಿದೆ ಅಂತ.

“ಅದು ಒದರಿತು, ನಾ ನುಂಗಿದೆ. ನೀನ ಇಟ್ಟಿದ್ದಿ ಅಲ್ಲಪಾ ಅದನ್ನ?”

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣ್ತಿಲ್ಲ. ಯಾವ ಆ್ಯಪ್ ಆದರೂ ಅಷ್ಟೇ. ಎರಡು ದಿನ ರಜೆ ಹಾಕಿ ಅಮ್ಮನ ಮನೆಯಲ್ಲಿ ಕೂತು, ಅವರು ಏಳೋದು, ತಿನ್ನೋದು, ಮಲಗೋದು ಯಾವಾಗ ಅಂತ ಬರೆದುಕೊಳ್ಳಿ. ಅದನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ಫೋನಿನಲ್ಲಿರೋ ಮಾಮೂಲಿ ಅಲಾರಾಮೇ ಸಾಕು. ಫೋನನ್ನು ಕನ್ನಡಕ್ಕೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ ಕೊಡಿ. ವಾಚಿನ ಬಿಪಿ ನಂಬಬೇಡಿ, ತೋಳಿಗೆ ಪಟ್ಟಿ ಕಟ್ಟೋ ಮೆಷಿನ್ ತನ್ನಿ. ಮನೆಯಿಂದಲೇ ಡಾಕ್ಟರ ಜೊತೆ ಮಾತಾಡೋಕೆ ಸರ್ಕಾರದ ಇ-ಸಂಜೀವನಿ ಇದೆ, ದುಡ್ಡಿಲ್ಲ. ಅದಕ್ಕೆ ಅಮ್ಮನದೇ ನಂಬರ್ ಕೊಡಿ. ನಿಮ್ಮದು ಕೊಟ್ಟರೆ ಓಟಿಪಿ ನಿಮಗೆ ಬರುತ್ತೆ, ನೀವು ಮೀಟಿಂಗ್‌ನಲ್ಲಿರ್ತೀರಿ. 70 ದಾಟಿದ್ದಾರಲ್ವಾ, ಆಯುಷ್ಮಾನ್ ಆ್ಯಪ್‌ನಲ್ಲಿ ವಯ ವಂದನಾ ಕಾರ್ಡನ್ನೂ ಮಾಡಿಸಿಬಿಡಿ. ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚಿಗೆ ಆಗುತ್ತೆ. ದಿನದ ಮಾತ್ರೆಗೆ ಮಾತ್ರ ಅದು ಬರಲ್ಲ.

ನಮ್ಮಲ್ಲಿ ಈಗ ಅಲಾರಾಂ ಹೊಡೆಯೋದು ಒಂಬತ್ತೂಕಾಲಿಗೆ, ಹೊತ್ತು ಇಟ್ಟಿದ್ದು ಅವ್ವನೇ. ತೆರೆಯ ಮೇಲೆ ‘ತಿಂಡಿ ರೆಡಿ ಏನು?’ ಅಂತ ಬರುತ್ತೆ. ಸಂಕಷ್ಟಿಗೆ ಏನು ಮಾಡಬೇಕು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಬಂದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಒಂದು ನಕಲು ಕಾಕು ಮನೆಯಲ್ಲೂ ಇದೆ.